ಹೀಲಿಯಂ ಅರ್ಧ ಎತ್ತುವುದಿಲ್ಲ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಲ್ಲಿ, ನೀರು ಯಾವ ಯಾವ ಅನಿಲಗಳು ಕೂಡಿ ಆದದ್ದೆಂದು ಕೇಳಿದರೆ ತಡವರಿಸದೆ ಉತ್ತರ ಹೇಳುವ ಗೃಹಸ್ಥರೋ ಗೃಹಿಣಿಯರೋ ಯಾರಾದರೂ ಸಿಕ್ಕಿದರೆ, ಅವರು ಶ್ರೀಮಾನ್ ತಿರುನಾರಾಯಣ ಅಯ್ಯಂಗಾರ್ಯರ ಶಿಷ್ಯರೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ನಮ್ಮ ಸೀಮೆಯಲ್ಲಿ ರಸಾಯನಶಾಸ್ತ್ರವೆಂಬುದು ಬಾಯಿಪಾಠದ ವಿಷಯವಾಗಿದ್ದ ಕಾಲದಲ್ಲಿ ಅದನ್ನು ಕಣ್ಣಿಗೆ ಕಾಣುವ, ಮೂಗಿಗೆ ಬಡಿಯುವ, ಒಮ್ಮೊಮ್ಮೆ ಅಂಗಿಗೆ ತೂತು ಬೀಳಿಸುವ ವಿದ್ಯೆಯನ್ನಾಗಿ ಮಾಡಿದ ಕೀರ್ತಿ ಅವರದು. ಹೇಮಾವತಿ ವಿದ್ಯಾಸಂಘದ ನಾಲ್ಕು ಹೈಸ್ಕೂಲುಗಳಲ್ಲಿಯೂ ಒಟ್ಟು ಇಪ್ಪತ್ತೆಂಟು ವರ್ಷ ವಿಜ್ಞಾನ ಬೋಧಿಸಿ ಈ ೧೯೪೯ನೆಯ ಇಸವಿಯ ಜೂನ್ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಸಂಘದವರು ಅವರಿಗೊಂದು ಅಭಿನಂದನ ಗ್ರಂಥ ಅರ್ಪಿಸಬೇಕೆಂದು ಯೋಚಿಸಿದ್ದು ಸಂತೋಷದ ಸಂಗತಿ. ಶಿಷ್ಯರಲ್ಲೊಬ್ಬನೂ ಆರು ವರ್ಷಗಳಿಂದ ಸಹೋದ್ಯೋಗಿಯೂ ಆದ ನನ್ನಿಂದ ಒಂದು ಲೇಖನ ಕೇಳಿದ್ದು ಅವರ ಔದಾರ್ಯ.

ಸಂಪಾದಕರು ನನಗೆ ಬರೆದ ಕಾಗದದಲ್ಲಿ, ಹಳೆಯ ಕಹಿ ವಿಷಯಗಳನ್ನು ಕೆದಕದೆ ನಾಲ್ಕು ಸವಿ ಮಾತು ಬರೆಯಬೇಕೆಂದು ಕೇಳಿಕೊಂಡಿದ್ದಾರೆ. ಆ ಕಾಗದದ ಜೊತೆಗೇ ಗ್ರಂಥದ ಮೊದಲ ಪುಟಗಳ ಅಚ್ಚಿನ ಕರಡನ್ನೂ ಕಳಿಸಿದ್ದಾರೆ. ಅದರಲ್ಲಿ ಸಂಘದ ಶಾಲಾ ಮೇಲ್ವಿಚಾರಕರ ಶುಭಸಂದೇಶವಿದೆ. ಮೇಷ್ಟ್ರನ್ನು ಅವರು 'ವಿಜ್ಞಾನ ಸಾಗರ' ಎಂದು ಕರೆದಿದ್ದಾರೆ. 'ಹೀಲಿಯಂ ಅನಿಲದಂತೆ ಸದಾ ಶಾಂತರು, ಯಾವುದಕ್ಕೂ ಅಂಟದವರು' ಎಂದೂ ಬರೆದಿದ್ದಾರೆ. ಸಂದೇಶವನ್ನು ನಾನು ಎರಡು ಸಲ ಓದಿದೆ. ಓದಿ, ಸವಿ ಮಾತು ನನ್ನ ಕೈಲಾಗದೆಂದು ನಿಶ್ಚಯಿಸಿದೆ. ಜಗತ್ತಿನಲ್ಲಿ ಯಾರು ಬೇಕಾದರೂ ಹೀಲಿಯಂ ಮಾತೆತ್ತಲಿ, ಈ ಮೇಲ್ವಿಚಾರಕರು ಎತ್ತಬಾರದಾಗಿತ್ತು. ಏಕೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ. ಸಂಪಾದಕರು ಕ್ಷಮಿಸಲಿ, ಇಲ್ಲವೇ ಕತ್ತರಿ ಹಾಕಲಿ. ಕತ್ತರಿ ಹಾಕಿದರೆ ನಾನೇ ಕೈಯಾರೆ ನಕಲು ಮಾಡಿ ನಾಲ್ಕೂ ಊರುಗಳಲ್ಲಿ ಹಂಚುವವನಿದ್ದೇನೆ.

ಮೇಷ್ಟ್ರು ಸಂಘದ ಹಾಸನದ ಶಾಲೆಯನ್ನು ಸೇರಿದ್ದು ೧೯೨೧ರಲ್ಲಿ. ಆಗ ಅಲ್ಲಿನ ಪ್ರಯೋಗಶಾಲೆಯೆಂದರೆ ಒಂದು ಬೀರು, ಬೀರುವಿನೊಳಗೆ ಆರು ಸೀಸೆ, ಸೀಸೆಗಳ ಮೇಲೆ ಧೂಳು. ಹೊಸದಾಗಿ ಬಂದ ಮೇಷ್ಟ್ರು ಊರಿನ ಅಂಗಡಿಗಳಲ್ಲಿ ಬಿಸಾಡಿದ ಟಾರ್ಚಿನ ಸೆಲ್ಲುಗಳನ್ನು ಆರಿಸಿ ತಂದು, ಬಿಚ್ಚಿ, ಅವುಗಳ ಸತುವಿನ ತಗಡನ್ನು ಉಜ್ಜಿ ಬೆಳಗಿದರು. ಮೋಟಾರು ಷೆಡ್ಡಿನವರಿಂದ ಬ್ಯಾಟರಿಯ ಆಸಿಡ್ಡನ್ನು ಕಾಡಿ ಬೇಡಿ ತಂದರು. ಎರಡನ್ನೂ ಕೂಡಿಸಿ ಜಲಜನಕ ತೆಗೆದು, ಸಾಬೂನಿನ ಗುಳ್ಳೆಗಳಿಗೆ ಅದನ್ನು ತುಂಬಿ, ಗುಳ್ಳೆಗಳು ತೊಲೆಗೆ ಮುಟ್ಟುವುದನ್ನು ಮಕ್ಕಳಿಗೆ ತೋರಿಸಿದರು. ಆ ತರಗತಿಯಲ್ಲಿದ್ದ ಇಂದಿನ ವಕೀಲರೊಬ್ಬರು, ತಾವು ಅಂದು ಆ ಬೆರಗಿನಲ್ಲಿ ಮನೆಗೆ ಹೋಗಿ ಊಟ ಬೇಡವೆಂದದ್ದನ್ನು ಈಗಲೂ ಹೇಳಿಕೊಳ್ಳುತ್ತಾರೆ.

೧೯೩೨ರಲ್ಲಿ ಮೇಷ್ಟ್ರಿಗೆ ಹೊಳೆನರಸೀಪುರಕ್ಕೆ ವರ್ಗವಾಯಿತು. ಎರಡು ವರ್ಷದ ಮೇಲೆ ನಾನು ನಮ್ಮ ಹಳ್ಳಿ ಹಳೇಕೋಟೆಯಿಂದ ಬಂದು ಅವರ ತರಗತಿಯಲ್ಲಿ ಕೂತೆ. ಬೋರ್ಡಿನ ಮೇಲೆ ಬರೆದದ್ದು ನನಗೆ ಕಾಣುತ್ತಿರಲಿಲ್ಲ. ಕಾಣದಿರುವುದೇ ಎಲ್ಲರ ಸ್ಥಿತಿ, ಉಳಿದವರು ಜಾಣತನದಿಂದ ಊಹಿಸುತ್ತಾರೆ ಎಂದು ನಾನು ತಿಳಿದಿದ್ದೆ. ಮೇಷ್ಟ್ರು ಒಂದೇ ವಾರದಲ್ಲಿ ಅದನ್ನು ಪತ್ತೆ ಮಾಡಿ, ನನ್ನನ್ನು ರೈಲಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿ ಕನ್ನಡಕ ಹಾಕಿಸಿದರು. ಆಮೇಲೆ ನಮ್ಮ ತಂದೆ ಹುಚ್ಚಯ್ಯನವರನ್ನು ಒಪ್ಪಿಸಲು ತಾವೇ ಹಳೇಕೋಟೆಗೆ ನಡೆದು ಬಂದರು.

"ಕನ್ನಡ್ಕ ಆಕ್ಕಂಡು ಆರು ಊಡೋಕಾಯ್ತದಾ ಸೋಮಿ? ಎತ್ತು ಎದುರ್ಕತವೆ ಅಷ್ಟೆ" ಎಂದರು ನಮ್ಮ ತಂದೆ.

"ಎತ್ತುಗಳಿಗೆ ನಾನು ಸಮಾಧಾನ ಹೇಳ್ತೀನಿ ಹುಚ್ಚಯ್ಯ, ಇವನನ್ನ ಓದೋಕೆ ಬಿಡು" ಎಂದರು ಮೇಷ್ಟ್ರು. ನಮ್ಮ ತಂದೆ ನಕ್ಕುಬಿಟ್ಟರು, ನಾನು ಓದಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ೧೯೩೭ರ ಮೇ ತಿಂಗಳಲ್ಲಿ ಜರ್ಮನಿಯವರ ದೊಡ್ಡ ಆಕಾಶನೌಕೆಯೊಂದು ಅಮೆರಿಕದಲ್ಲಿ ಇಳಿಯುತ್ತಿದ್ದಾಗ ಹೊತ್ತಿಕೊಂಡು, ಒಂದು ನಿಮಿಷದೊಳಗೆ ಬೂದಿಯಾದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಕೂಡಲೆ ಮೇಷ್ಟ್ರು ಆ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ಪಾಠ ಆರಂಭಿಸಿದರು. ಜಲಜನಕವು ಅನಿಲಗಳಲ್ಲೆಲ್ಲ ಹಗುರವಾದದ್ದು, ಬಣ್ಣವಿಲ್ಲ, ವಾಸನೆಯಿಲ್ಲ, ಕಿಡಿ ತಾಕಿದರೆ ತಾನೇ ಉರಿದು ನೀರಾಗುತ್ತದೆ, ಗಾಳಿಯೊಡನೆ ಬೆರೆತಿದ್ದರೆ ಸಿಡಿಯುತ್ತದೆ, ಎಣ್ಣೆಯನ್ನು ಗಟ್ಟಿಯಾಗಿಸಿ ವನಸ್ಪತಿ ಮಾಡುವುದಕ್ಕೂ, ಲೋಹಗಳನ್ನು ಬೆಸೆಯುವುದಕ್ಕೂ, ಬೆಲೂನುಗಳಿಗೆ ತುಂಬುವುದಕ್ಕೂ ಬರುತ್ತದೆ. ಹೀಲಿಯಮ್ಮಿಗೂ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಅದು ಉರಿಯದು, ಉರಿಸದು, ಯಾವ ವಸ್ತುವಿನೊಡನೆಯೂ ಕೂಡದು. ಅದರ ಗುರುತು ಮೊದಲು ಸಿಕ್ಕಿದ್ದು ಸೂರ್ಯನ ಬೆಳಕಿನಲ್ಲಿ, ಭೂಮಿಯ ಮೇಲೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ತೂಕದಲ್ಲಿ ಜಲಜನಕದ ಎರಡರಷ್ಟು. ಅದು ಹೇರಳವಾಗಿ ದೊರೆಯುವುದು ಅಮೆರಿಕದಲ್ಲಿ, ಅಲ್ಲಿನವರು ಅದನ್ನು ಜರ್ಮನಿಗೆ ಮಾರಲಿಲ್ಲ, ಆದ್ದರಿಂದ ಆ ನೌಕೆಗೆ ಜಲಜನಕವನ್ನೇ ತುಂಬಬೇಕಾಯಿತು. ಇಷ್ಟನ್ನೂ ಮೇಷ್ಟ್ರು ಹೇಳಿದರು.

ನಮ್ಮ ಕೈಯಲ್ಲಿದ್ದದ್ದು ಸಂಘವು ಅಚ್ಚು ಹಾಕಿಸಿದ ವಿಜ್ಞಾನದ ಕೈಪುಸ್ತಕ. ಅದನ್ನು ಬರೆದವರು ಈಗ ಶುಭಸಂದೇಶ ಕಳಿಸಿರುವ ಮೇಲ್ವಿಚಾರಕರೇ. ಅದರಲ್ಲಿ, 'ಹೀಲಿಯಂ ಜಲಜನಕದ ಎರಡರಷ್ಟು ಭಾರವಾದ್ದರಿಂದ ಅದರ ಎತ್ತುವ ಶಕ್ತಿ ಜಲಜನಕದ ಅರ್ಧ' ಎಂದು ದಪ್ಪ ಅಕ್ಷರಗಳಲ್ಲಿ ಇತ್ತು. ನಮ್ಮ ತರಗತಿಯಲ್ಲಿ ಇಪ್ಪತ್ತಮೂರು ಮಂದಿಯಲ್ಲಿ ಒಬ್ಬಳೇ ಹುಡುಗಿ, ಬೆಲ್ಲದ ಮಂಡಿಯ ಚಂದ್ರಯ್ಯನವರ ಮಗಳು ಗಂಗಾಂಬಿಕೆ. ಆಕೆ ಎದ್ದು ನಿಂತು, "ಅರ್ಧವೇ ಎತ್ತೋದಾದ್ರೆ, ಜರ್ಮನಿಯೋರು ಅದಕ್ಕೆ ಯಾಕೆ ಸಾರ್ ಅಷ್ಟೊಂದು ಆಸೆಪಟ್ರು?" ಎಂದು ಕೇಳಿದಳು. ಮೇಷ್ಟ್ರು ಪುಸ್ತಕ ನೋಡಿದರು, ಆಕೆಯನ್ನು ನೋಡಿದರು, "ನಾಳೆ ಹೇಳ್ತೀನಮ್ಮ" ಎಂದರು.

ಮರುದಿನ ನಮ್ಮನ್ನೆಲ್ಲ ಹೇಮಾವತಿಯ ದಡಕ್ಕೆ ಕರೆದುಕೊಂಡು ಹೋದರು. ಒಂದೇ ಅಳತೆಯ ಎರಡು ಸೀಮೆಎಣ್ಣೆ ಡಬ್ಬ, ಒಂದು ತೆಂಗಿನ ಕರಟ, ಅಷ್ಟೇ ಸಲಕರಣೆ. ಬರಿಯ ಡಬ್ಬ ನೀರಿನಲ್ಲಿ ಮುಳುಗಬೇಕಾದರೆ ಸರಿಯಾಗಿ ಇಪ್ಪತ್ತೊಂಬತ್ತು ಕರಟ ಒದ್ದೆ ಮರಳು ಬೇಕಾಗುವಂತೆ, ಆ ಕರಟದ ಅಂಚನ್ನು ಬೆಳಗಿನ ಜಾವದಿಂದ ಕಲ್ಲಿಗೆ ಉಜ್ಜಿ ಉಜ್ಜಿ ಸರಿಮಾಡಿಕೊಂಡಿದ್ದರು. ಒಂದು ಪಾತ್ರೆಯ ಗಾಳಿ ಇಪ್ಪತ್ತೊಂಬತ್ತು ಪಾಲು ತೂಗಿದರೆ, ಅದೇ ಪಾತ್ರೆಯ ಜಲಜನಕ ಎರಡು ಪಾಲು, ಹೀಲಿಯಂ ನಾಲ್ಕು ಪಾಲು ತೂಗುತ್ತದೆ. "ಇಲ್ಲಿ ನೀರೇ ಗಾಳಿ ಅಂದ್ಕೊಳ್ಳಿ" ಎಂದು ಹೇಳಿ, ಮೊದಲನೆಯ ಡಬ್ಬಕ್ಕೆ ಜಲಜನಕದ ಸ್ವಂತ ತೂಕವೆಂದು ಎರಡು ಕರಟ ಮರಳು ಹಾಕಿಸಿದರು. ಆಮೇಲೆ ಅದು ಹೊರಬಲ್ಲ ಸಾಮಾನೆಷ್ಟು ನೋಡಿ ಎಂದರು. ಇಪ್ಪತ್ತೇಳು ಕರಟ ಹಿಡಿಯಿತು. ಎರಡನೆಯ ಡಬ್ಬಕ್ಕೆ ಹೀಲಿಯಮ್ಮಿನ ತೂಕ ನಾಲ್ಕು ಕರಟ ಹಾಕಿಸಿದರು. ಅದು ಇಪ್ಪತ್ತೈದು ಕರಟ ಹಿಡಿಯಿತು. ನಾವೆಲ್ಲ ಮೊಣಕಾಲುದ್ದ ನೀರಿನಲ್ಲಿ ನಿಂತು ಗಟ್ಟಿಯಾಗಿ ಎಣಿಸಿದ್ದೇವೆ. ಇಪ್ಪತ್ತೇಳಕ್ಕೆ ಇಪ್ಪತ್ತೈದು ಅರ್ಧವೇ? ಎರಡರಷ್ಟು ಭಾರವಾದರೇನು, ಎರಡೂ ಗಾಳಿಗಿಂತ ಎಷ್ಟೋ ಹಗುರ. ಬಟ್ಟೆ ಒಗೆಯುತ್ತಿದ್ದ ಬೈರಯ್ಯನೆಂಬ ಮಡಿವಾಳನಿಗೂ ಅದು ಅರ್ಥವಾಯಿತು. "ಎಲ್ಡು ಕರ್ಟ ಯತ್ಯಾಸ, ಅಷ್ಟೇಯಾ!" ಎಂದ ಅವನು. ಪದವೀಧರರಾದ ಮೇಲ್ವಿಚಾರಕರಿಗೆ ಅರ್ಥವಾಗಲು ಇನ್ನೂ ಒಂಬತ್ತು ವರ್ಷ ಬೇಕಾಯಿತು.

ಸರ್ಕಾರದ ದೊಡ್ಡ ಪರೀಕ್ಷೆಗೆ ಮಕ್ಕಳನ್ನು ಕಳಿಸುವ ಮೊದಲು ಸಂಘವು ತಾನೇ ಒಂದು ಸೆಲೆಕ್ಷನ್ ಪರೀಕ್ಷೆ ನಡೆಸುತ್ತದೆ. ಅದರಲ್ಲಿ ನಪಾಸಾದವರು ಆ ವರ್ಷ ಮನೆಯಲ್ಲೇ. ೧೯೩೮ರ ಜನವರಿಯ ಪರೀಕ್ಷೆಯಲ್ಲಿ, 'ಜಲಜನಕ ಮತ್ತು ಹೀಲಿಯಮ್ಮುಗಳ ಗುಣಗಳನ್ನೂ ಉಪಯೋಗಗಳನ್ನೂ ಹೋಲಿಸಿ ಬರೆಯಿರಿ' ಎಂಬ ಪ್ರಶ್ನೆ ಬಂತು. ನಮ್ಮ ಸಂತೋಷಕ್ಕೆ ಪಾರವಿಲ್ಲ. ಇಪ್ಪತ್ತಮೂರು ಮಂದಿಯಲ್ಲಿ ಹತ್ತೊಂಬತ್ತು ಮಂದಿ ಇಪ್ಪತ್ತೇಳು, ಇಪ್ಪತ್ತೈದು ಎಂದು ಬರೆದು ಬಂದೆವು. ಉಳಿದ ನಾಲ್ವರು ಹೊಳೆಗೆ ಹೋದ ದಿನ ಶಾಲೆಗೆ ಬಂದಿರಲಿಲ್ಲ, ಪುಸ್ತಕದಲ್ಲಿದ್ದಂತೆ ಅರ್ಧವೆಂದು ಬರೆದರು.

ಉತ್ತರಪತ್ರಿಕೆಗಳನ್ನು ಹಾಸನದಲ್ಲಿ ತಿದ್ದಿದವರು ಮೇಲ್ವಿಚಾರಕರು. ಕೈಪುಸ್ತಕದಲ್ಲೆಲ್ಲೂ ಇಲ್ಲದ ಎರಡು ಅಂಕಿಗಳು ಹತ್ತೊಂಬತ್ತು ಪತ್ರಿಕೆಗಳಲ್ಲಿ ಒಂದೇ ಸಮನೆ ಬಂದಿವೆ. ಇದನ್ನು ಕಂಡ ವಿವೇಕಿಯೊಬ್ಬನು ಏನು ಮಾಡುತ್ತಾನೆ? ಕಾಗದ ಪೆನ್ಸಿಲು ತೆಗೆದುಕೊಂಡು ಒಂದು ಕಳೆಯುವ ಲೆಕ್ಕ ಮಾಡಿ ನೋಡುತ್ತಾನೆ. ಇವರು ಮಾಡಲಿಲ್ಲ. ಇಷ್ಟು ಮಂದಿ ಒಂದೇ ತಪ್ಪು ಮಾಡಬೇಕಾದರೆ ಅದು ನಕಲೇ ಎಂದು ತೀರ್ಮಾನಿಸಿದರು. ಹತ್ತೊಂಬತ್ತು ಮಂದಿಯನ್ನೂ ತಡೆಹಿಡಿದು, ವಿಚಾರಣೆಗೆಂದು ಹೊಳೆನರಸೀಪುರಕ್ಕೆ ದಯಮಾಡಿಸಿದರು.

ವಿಚಾರಣೆ ನಡೆದದ್ದು ನಮ್ಮೆಲ್ಲರ ಮುಂದೆ, ಶಾಲೆಯ ಹಜಾರದಲ್ಲಿ. ಮೇಷ್ಟ್ರು ಗಾಳಿಯ ತೂಕದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. ಮೇಲ್ವಿಚಾರಕರು ಬೋರ್ಡಿನ ಕಡೆ ಮುಖವನ್ನೇ ತಿರುಗಿಸಲಿಲ್ಲ. ಹೊಳೆ ಇಲ್ಲೇ ಹತ್ತಿರದಲ್ಲಿದೆ, ಪ್ರಯೋಗ ಮಾಡಿ ತೋರಿಸುತ್ತೇನೆಂದು ಮೇಷ್ಟ್ರು ಬೇಡಿಕೊಂಡರು.

"ಡಬ್ಬ ಹೊತ್ಕೊಂಡು ಹೊಳೆಗೆ ಬರೋಕೆ ನಾನೇನು ಸೀಮೆಎಣ್ಣೆ ಮಾರೋನೇನ್ರೀ?" ಎಂಬುದು ಉತ್ತರ.

ಆಮೇಲೆ ಅವರು ತಮ್ಮ ಕರಾರನ್ನು ಮುಂದಿಟ್ಟರು. 'ಹೀಲಿಯಮ್ಮಿನ ಎತ್ತುವ ಶಕ್ತಿ ಜಲಜನಕದ ಅರ್ಧ. ವಿಷಯಜ್ಞಾನ ಸಾಲದ ಕಾರಣ ಮಕ್ಕಳಿಗೆ ತಪ್ಪಾಗಿ ಕಲಿಸಿದೆ' ಎಂದು ಮೇಷ್ಟ್ರು ಬರೆದು ರುಜು ಹಾಕಬೇಕು. ಹಾಕಿದರೆ ಮಕ್ಕಳದು ನಕಲಲ್ಲ, ಅವರಿಗೆ ಕೃಪಾಂಕ ಕೊಟ್ಟು ಮುಂದಿನ ಪರೀಕ್ಷೆಗೆ ಕಳಿಸಲಾಗುವುದು. ಹಾಕದಿದ್ದರೆ ಹತ್ತೊಂಬತ್ತು ಮಂದಿಯೂ ನಕಲು ಮಾಡಿದವರೆಂದು ದಾಖಲಾಗಿ, ಎಲ್ಲರೂ ಮನೆಗೆ.

ಮೇಷ್ಟ್ರು ನಮ್ಮ ಕಡೆ ತಿರುಗಿ ನೋಡಿದರು. ಬಹಳ ಹೊತ್ತೇನೂ ನೋಡಲಿಲ್ಲ. ಕೂತು, ಹೇಳಿದ್ದನ್ನು ಹೇಳಿದಂತೆ ತಮ್ಮ ದುಂಡಾದ ಅಕ್ಷರಗಳಲ್ಲಿ ಬರೆದು, ಕೆಳಗೆ ರುಜು ಹಾಕಿ, ಎದ್ದು ನಿಂತರು. ಅಂದು ಅವರಿಗೆ ನಲವತ್ತನಾಲ್ಕು ವರ್ಷ. ಅವರಿಗಿಂತ ಕಿರಿಯನಾದ, ಒಂದು ಸೀಸೆ ಜಲಜನಕವನ್ನು ತನ್ನ ಕೈಯಿಂದ ತೆಗೆದು ಕಾಣದ ಮನುಷ್ಯನ ಮುಂದೆ, ತಾವು ಕಲಿಸಿದ ಮಕ್ಕಳ ಕಣ್ಣೆದುರಿಗೆ, ತಮಗೆ ವಿಷಯ ತಿಳಿಯದೆಂದು ಅವರು ಬರೆದುಕೊಟ್ಟರು.

ಅಷ್ಟಕ್ಕೂ ಮೇಲ್ವಿಚಾರಕರ ಮನಸ್ಸು ತುಂಬಲಿಲ್ಲ. ಮಕ್ಕಳೂ ಬರೆದುಕೊಡಬೇಕೆಂದರು. ಒಂದು ಕಾಗದದ ಮೇಲೆ 'ನಮಗೆ ತಪ್ಪಾಗಿ ಕಲಿಸಿದ್ದರಿಂದ ತಪ್ಪು ಉತ್ತರ ಬರೆದೆವು' ಎಂದು ಬರೆಸಿ, ಒಬ್ಬೊಬ್ಬರನ್ನೇ ಕರೆದು ರುಜು ಹಾಕಿಸಿದರು. ಗಂಗಾಂಬಿಕೆಯ ಸರದಿ ಬಂದಾಗ ಆಕೆ ಪೆನ್ನು ಮುಟ್ಟಲಿಲ್ಲ.

"ನಿಮ್ಮ ಮೇಷ್ಟ್ರೇ ರುಜು ಹಾಕಿದಾರಲ್ಲಮ್ಮ, ನಿನ್ನದೇನು?" ಎಂದರು ಮೇಲ್ವಿಚಾರಕರು.

"ಅವ್ರು ನಮಗೋಸ್ಕರ ಹಾಕಿದ್ರು ಸಾರ್. ನಾನು ಯಾರಿಗೋಸ್ಕರ ಹಾಕ್ಲಿ?" ಎಂದಳು ಗಂಗಾಂಬಿಕೆ.

ಬಾಗಿಲ ಬಳಿ ನಿಂತಿದ್ದ ಚಂದ್ರಯ್ಯನವರು ಕೈಮುಗಿದುಕೊಂಡು ಒಳಗೆ ಬಂದರು. ಮಗಳನ್ನು ಒಂದು ಸಲ ಮಾತ್ರ ಪರೀಕ್ಷೆಗೆ ಕೂರಿಸುವುದು, ಪಾಸಾದರೆ ಮೈಸೂರಿನ ಕಾಲೇಜು, ಇಲ್ಲವಾದರೆ ಮದುವೆ ಎಂದು ಅವರ ಮನೆಯಲ್ಲಿ ಮಾತಾಗಿತ್ತು. ಊರಿಗೆಲ್ಲ ಅದು ಗೊತ್ತಿತ್ತು. "ಒಂದು ಸೈನು ಕಣವ್ವಾ. ಆಕ್ಬುಡು ತಾಯಿ. ಆಮ್ಯಾಕೆ ನಮ್ ಕೈಲೇನೂ ಇರಾಕಿಲ್ಲ" ಎಂದು ಅವರು ಗೋಗರೆದರು. ಮೇಷ್ಟ್ರೂ "ಹಾಕಮ್ಮ" ಎಂದರು. ಆಕೆ ತಲೆಯಲ್ಲಾಡಿಸಿ, ಪುಸ್ತಕ ಎತ್ತಿಕೊಂಡು, ತಂದೆಯ ಹಿಂದೆ ನಡೆದುಬಿಟ್ಟಳು. ಹದಿನೆಂಟು ಮಂದಿ ಪರೀಕ್ಷೆಗೆ ಹೋದೆವು. ಗಂಗಾಂಬಿಕೆಯನ್ನು ಅದೇ ಬೇಸಗೆಯಲ್ಲಿ ಶಾಂತಿಗ್ರಾಮಕ್ಕೆ ಮದುವೆ ಮಾಡಿಕೊಟ್ಟರು.

ಜೂನ್ ತಿಂಗಳಲ್ಲಿ ಮೇಷ್ಟ್ರನ್ನು ಅರಕಲಗೂಡಿಗೆ ಎತ್ತಿ ಹಾಕಿದರು. ಅವರಿಗಿಂತ ಐದು ವರ್ಷ, ಎಂಟು ವರ್ಷ ಕಿರಿಯರಾದವರು ಒಬ್ಬರಾದ ಮೇಲೊಬ್ಬರು ಹೆಡ್ಮಾಸ್ಟರಾದರು. ಮೂರು ಸಲ ಮೇಷ್ಟ್ರ ಹೆಸರು ಮೇಲಕ್ಕೆ ಹೋಗಿ ಮೂರು ಸಲವೂ ಕೆಳಕ್ಕೆ ಬಂತು. ೧೯೪೩ರಲ್ಲಿ ನಾನು ಬಿ.ಎಸ್‌ಸಿ. ಮುಗಿಸಿ ಅದೇ ಅರಕಲಗೂಡಿನ ಶಾಲೆಗೆ ಅವರ ಸಹಾಯಕನಾಗಿ ಬಂದಾಗ, ಸಂಘದ ಕಚೇರಿಯ ಗುಮಾಸ್ತರಾದ ಚೆನ್ನಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, ಮೇಷ್ಟ್ರ ಸೇವಾ ಪುಸ್ತಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಕೆಂಪು ಶಾಯಿಯಲ್ಲಿ, 'ವಿಷಯಜ್ಞಾನ ಸಾಲದು, ಸ್ವತಃ ಒಪ್ಪಿಕೊಂಡಿದ್ದಾರೆ' ಎಂದಿತ್ತು.

"ಈ ಸಾಲು ಇರೋವರ್ಗೂ ಅಷ್ಟೇಯ ಸಾ. ಬ್ರಹ್ಮ ಬಂದ್ರೂ ಹೆಡ್ಮಾಸ್ಟ್ರು ಆಗಾಕಿಲ್ಲ" ಎಂದರು ಚೆನ್ನಯ್ಯನವರು.

ನಾನು ಆ ಸಂಜೆಯೇ ಮೇಷ್ಟ್ರ ಮನೆಗೆ ಹೋಗಿ ಕೂಗಾಡಿದೆ. ಅರ್ಜಿ ಬರೆಯೋಣ, ಪತ್ರಿಕೆಗೆ ಬರೆಯೋಣ, ಇದೆಂಥ ಅನ್ಯಾಯವೆಂದೆ. ಮೇಷ್ಟ್ರು ಹುಣಿಸೆಹಣ್ಣು ಹಚ್ಚಿ ಪ್ರಯೋಗಶಾಲೆಯ ಒಂದು ಗಾಜಿನ ಬುರುಡೆಯನ್ನು ಉಜ್ಜುತ್ತಿದ್ದರು. "ನೀನು ಜಲಜನಕದ ಜಾತಿ ಕಣಯ್ಯ ಷಡಕ್ಷರಿ, ನಿನ್ನ ಹತ್ತಿರ ದೀಪ ತರಬಾರದು" ಎಂದು ನಕ್ಕರು. ಅವರ ಧರ್ಮಪತ್ನಿ ಶ್ರೀರಂಗಮ್ಮನವರು ಒಳಗಿನಿಂದ, "ಅವರು ಅರ್ಜಿ ಬರೀತಾನೇ ಇದಾರಪ್ಪ, ವರ್ಷಕ್ಕೊಂದು. ತಮಗೆ ಅಂತ ಅಲ್ಲ ಅಷ್ಟೆ" ಎಂದರು. ಆಗ ನನಗೆ ತಿಳಿಯಿತು. ಪ್ರತಿ ಜನವರಿಯಲ್ಲಿ ಮೇಷ್ಟ್ರು ಸಂಘಕ್ಕೆ ಒಂದು ಕಾಗದ ಬರೆಯುತ್ತಿದ್ದರು. ಗಂಗಾಂಬಿಕೆಯೆಂಬ ವಿದ್ಯಾರ್ಥಿನಿ ಬರೆದ ಉತ್ತರ ಸರಿಯಾಗಿದೆ, ಅವಳ ಹೆಸರಿನ ಮುಂದಿರುವ 'ನಕಲು' ಎಂಬ ಮಾತನ್ನು ತೆಗೆಯಬೇಕು ಎಂದು ಅದರಲ್ಲಿ ಕೇಳುತ್ತಿದ್ದರು. ತಮ್ಮ ವಿಷಯ ಒಂದಕ್ಷರವೂ ಇಲ್ಲ. ಪ್ರತಿ ಮಾರ್ಚಿನಲ್ಲಿ, ಪರಿಶೀಲನೆಯಲ್ಲಿದೆ ಎಂದು ಉತ್ತರ ಬರುತ್ತಿತ್ತು.

ಇಂಥವರನ್ನು ಹೀಲಿಯಂ ಎನ್ನುತ್ತಾರೆ ಮೇಲ್ವಿಚಾರಕರು! ಹೀಲಿಯಂ ಯಾವುದರೊಡನೆಯೂ ಕೂಡದ ಅನಿಲ, ಯಾರ ಸುಖದುಃಖವೂ ಅದಕ್ಕೆ ತಟ್ಟದು. ೧೯೪೪ರಲ್ಲಿ ನನ್ನೊಡನೆ ಚನ್ನರಾಯಪಟ್ಟಣಕ್ಕೆ ವರ್ಗವಾದ ಮೇಲೆ ಮೇಷ್ಟ್ರು ಏನು ಮಾಡಿದರೆಂದು ಅವರು ವಿಚಾರಿಸಿದ್ದರೆ ಆ ಹೋಲಿಕೆ ಬರೆಯುತ್ತಿರಲಿಲ್ಲ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲು ಹೊಗೆಯಿಂದ ಓಡುತ್ತಿದ್ದ ಬಸ್ಸುಗಳು. ಪ್ರತಿ ಭಾನುವಾರ ಮೇಷ್ಟ್ರು ಅಂಥ ಬಸ್ಸಿನಲ್ಲಿ ಶಾಂತಿಗ್ರಾಮಕ್ಕೆ ಹೋಗಿ, ಅರ್ಧ ದಾರಿಯಲ್ಲಿ ಬಸ್ಸು ನಿಂತರೆ ಉಳಿದರ್ಧ ನಡೆದು, ಗಂಗಾಂಬಿಕೆಗೆ ಪಾಠ ಹೇಳಿದರು. ಆಕೆಗೆ ಆಗ ಒಂದು ಮಗುವಿತ್ತು. ಅತ್ತೆಯ ಮನೆಯವರು ಏನೆನ್ನುವರೋ ಎಂದು ಅಂಜಿಕೊಂಡೇ ಮೇಷ್ಟ್ರು ಮೊದಲ ಭಾನುವಾರ ಹೊಸಿಲ ಹೊರಗೆ ನಿಂತಿದ್ದರಂತೆ. ಅತ್ತೆ ರೇವಮ್ಮನವರು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, "ಬನ್ನಿ ಮೇಷ್ಟ್ರೇ, ಒಳೀಕ್ ಬನ್ನಿ. ಅವ್ಳು ಓದ್ಲಿ, ಎಮ್ಮೆ ನಾ ಕರೀತೀನಿ" ಎಂದರಂತೆ. ಓದು ಬಾರದ ಆ ತಾಯಿಗಿದ್ದ ಬುದ್ಧಿ ನಮ್ಮ ಸಂಘದ ಹಜಾರದಲ್ಲಿ ಒಬ್ಬರಿಗೂ ಇರಲಿಲ್ಲ. ಗಂಗಾಂಬಿಕೆ ೧೯೪೬ರಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದರು. ಈಗ ಶಾಂತಿಗ್ರಾಮದಲ್ಲಿಯೇ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾರೆ.

ಅದೇ ೧೯೪೬ರಲ್ಲಿ ಕೈಪುಸ್ತಕದ ಎರಡನೆಯ ಮುದ್ರಣ ಬಂತು. ಹೀಲಿಯಮ್ಮಿನ ಪಾಠ ತೆಗೆದು ನೋಡಿದೆ. 'ಇದರ ಎತ್ತುವ ಶಕ್ತಿ ಜಲಜನಕದ್ದರಲ್ಲಿ ನೂರಕ್ಕೆ ಸುಮಾರು ತೊಂಬತ್ತಮೂರರಷ್ಟು' ಎಂದಿತ್ತು. ಇಪ್ಪತ್ತೇಳಕ್ಕೆ ಇಪ್ಪತ್ತೈದೆಂದರೆ ಅಷ್ಟೇ ಆಗುತ್ತದೆ. ಯಾರು ತಿದ್ದಿದರು, ಏಕೆ ತಿದ್ದಿದರು, ಮೊದಲು ಏನಿತ್ತು ಎಂಬುದರ ಸೊಲ್ಲಿಲ್ಲ. ಮುನ್ನುಡಿಯಲ್ಲಿ 'ಕೆಲವು ಅಚ್ಚಿನ ದೋಷಗಳನ್ನು ಸರಿಪಡಿಸಲಾಗಿದೆ' ಎಂದಿತ್ತು. ಅಚ್ಚಿನ ದೋಷ! ಒಬ್ಬ ವಿದ್ವಾಂಸನ ಮಾನವೂ ಒಬ್ಬ ಹುಡುಗಿಯ ಎಂಟು ವರ್ಷವೂ ಅಚ್ಚಿನ ಮೊಳೆ ಜೋಡಿಸುವವನ ಕೈತಪ್ಪಿಗೆ ಹೋದಂತಾಯಿತು. ಪುಸ್ತಕವನ್ನು ತಿದ್ದಿದ ಕೈಗೆ ಸೇವಾ ಪುಸ್ತಕದ ಒಂದು ಸಾಲನ್ನು ತಿದ್ದಲು ಬಿಡುವಾಗಲಿಲ್ಲ. ಮೇಷ್ಟ್ರು ಇದೇ ಜೂನ್ ತಿಂಗಳಲ್ಲಿ ಆ ಕೆಂಪು ಸಾಲಿನ ಸಮೇತ ನಿವೃತ್ತರಾಗುತ್ತಾರೆ. ಒಳಗೆ ವಿಷಯಜ್ಞಾನ ಸಾಲದು, ಹೊರಗೆ ವಿಜ್ಞಾನ ಸಾಗರ. ಹಾರ ಹಾಕುವ ಕೈಯೂ ಅದೇ, ಆ ಸಾಲು ಬರೆದ ಕೈಯೂ ಅದೇ.

ಇಷ್ಟೆಲ್ಲ ಬರೆದು, ಲೇಖನ ಮುಗಿಯಿತೆಂದುಕೊಂಡು, ಕಳೆದ ತಿಂಗಳು ನಾನು ಶಾಂತಿಗ್ರಾಮಕ್ಕೆ ಹೋಗಿದ್ದೆ. ಈ ಗ್ರಂಥಕ್ಕೆ ಗಂಗಾಂಬಿಕೆಯವರೂ ನಾಲ್ಕು ಮಾತು ಬರೆಯಬೇಕು, ಅವರ ಮಾತಿಗೆ ಬೇರೆಯೇ ತೂಕ ಎಂದು ಕೇಳಿಕೊಂಡೆ. ಮೇಲ್ವಿಚಾರಕರನ್ನು ಅವರೆದುರಿಗೂ ಒಂದು ಗಂಟೆ ಬೈದೆ. ಆಕೆ ನನಗೆ ಕಾಫಿ ಕೊಟ್ಟು ಹೇಳಿದರು:

"ನಾನು ಬರೆಯೋದು ಅವತ್ತೇ ಬರೆದಾಯ್ತು ಕಣಣ್ಣ. ಅವತ್ತು ತಿರುಗ್ಸಿ ಬರೆದೋರು ಈಗ ಬರೀಲಿ."

ಕಾಫಿಯ ಲೋಟ ಕೆಳಗಿಟ್ಟು ಎದ್ದು ಬಂದೆ. ಓದುಗರಿಗೆ ನಾನು ಇದುವರೆಗೆ ಹೇಳದೆ ಜಾರಿಕೊಂಡ ಒಂದು ಮಾತಿದೆ. ಹದಿನೆಂಟು ರುಜುಗಳ ಆ ಕಾಗದದಲ್ಲಿ ಮೂರನೆಯದು ನನ್ನದು. ಮೊಣಕಾಲುದ್ದ ನೀರಿನಲ್ಲಿ ನಿಂತು ನಾನೇ ಗಟ್ಟಿಯಾಗಿ ಎಣಿಸಿದ್ದೆ, ನಾನೇ ಹಾಳೆಯ ಮೇಲೆ ಸರಿಯಾಗಿ ಬರೆದಿದ್ದೆ, ಆಮೇಲೆ ನಾನೇ ನನಗೆ ತಪ್ಪಾಗಿ ಕಲಿಸಿದರೆಂದು ರುಜು ಹಾಕಿದೆ. ಯಾರು ಕೊಡಿಸಿದ ಕನ್ನಡಕವನ್ನು ಹಾಕಿಕೊಂಡು ಆ ಕಾಗದ ಓದಿದೆನೋ ಅವರು ಎದುರಿಗೇ ನಿಂತಿದ್ದರು. ಹುಡುಗನಾಗಿದ್ದೆ, ಹೆದರಿದ್ದೆ ಎಂದು ಹೇಳಬಹುದು. ಆದರೆ ಕಳೆದ ಆರು ವರ್ಷಗಳಿಂದ ನಾನು ಹುಡುಗನಲ್ಲ. ಸಂಘದ ಉದ್ಯೋಗಿ, ತಿದ್ದಿದ ಕೈಪುಸ್ತಕವನ್ನೇ ಹಿಡಿದು ಮಕ್ಕಳಿಗೆ ತೊಂಬತ್ತಮೂರು ಎಂದು ಪಾಠ ಹೇಳುತ್ತ, ಸಂಜೆ ಹೊತ್ತು ಮೇಷ್ಟ್ರ ಮನೆಯ ಜಗಲಿಯಲ್ಲಿ ಮಾತ್ರ ಕೂಗಾಡುತ್ತ ಬಂದವನು. ಮೇಲ್ವಿಚಾರಕರು ತಿಳಿಯದೆ ತಪ್ಪು ಬರೆದರು. ನಾನು ತಿಳಿದೂ ತಿಳಿದೂ ಬರೆದೆ. ಇಷ್ಟು ಹೊತ್ತು ಅವರ ಮೇಲೆ ತೋರಿಸಿದ ಸಿಟ್ಟಿನಲ್ಲಿ ದೊಡ್ಡ ಪಾಲು ನನಗೇ ಸೇರಬೇಕಾದದ್ದು.

ಮೇಷ್ಟ್ರಿಗೆ ಈಗ ಐವತ್ತೈದು. ಗೊರೂರಿನಲ್ಲಿ ಮನೆ ಮಾಡಿ, ಊರ ಮಕ್ಕಳಿಗೆ ಸಂಜೆಯ ಹೊತ್ತು ವಿಜ್ಞಾನ ಹೇಳಿಕೊಡುವ ಯೋಚನೆ ಅವರಿಗಿದೆ. ಆ ಭಗವಂತನು ಅವರಿಗೂ ಗುರುಪತ್ನಿ ಶ್ರೀರಂಗಮ್ಮನವರಿಗೂ ನೂರು ವರ್ಷ ಆಯುಸ್ಸನ್ನೂ, ಬುರುಡೆ ಹಿಡಿದ ಕೈ ನಡುಗದಂಥ ಆರೋಗ್ಯವನ್ನೂ, ಪ್ರಶ್ನೆ ಕೇಳುವ ಮಕ್ಕಳನ್ನೂ ಕೊಡಲಿ. ಅವರಿಂದ ಇನ್ನೂ ಬಹಳ ಕೆಲಸವಾಗಬೇಕಾಗಿದೆ. ಅವರು ಸೇವೆಯಿಂದ ಬಿಡುಗಡೆಯಾಗುವ ದಿನಕ್ಕೆ ಮೊದಲು ಆ ಕೆಂಪು ಸಾಲನ್ನೂ, ಗಂಗಾಂಬಿಕೆಯವರ ಹೆಸರಿನ ಮುಂದಿನ ಮಾತನ್ನೂ ಹೊಡೆದುಹಾಕಬೇಕೆಂದು ಸಂಘವನ್ನು ಒತ್ತಾಯಿಸುತ್ತೇನೆ. ಅದಕ್ಕೆ ಆಧಾರ ಬೇಕೆಂದರೆ ಕೆಳಗಿದೆ. ಇದರ ಫಲವಾಗಿ ನನ್ನ ಸೇವಾ ಪುಸ್ತಕದಲ್ಲಿ ಏನು ಬರೆಯಬೇಕೆಂದು ತೋರುತ್ತದೋ ಬರೆದುಕೊಳ್ಳಲಿ.

ನನಗೆ ಸರಿಯಾಗಿಯೇ ಕಲಿಸಲಾಗಿತ್ತು. ೧೯೩೮ನೆಯ ಇಸವಿಯಲ್ಲಿ ನಾನು ಹಾಕಿದ ರುಜು ಸುಳ್ಳು, ಅದನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಜಲಜನಕವು ಇಪ್ಪತ್ತೇಳು ಎತ್ತುವಲ್ಲಿ ಹೀಲಿಯಂ ಇಪ್ಪತ್ತೈದು ಎತ್ತುತ್ತದೆ.

(ರುಜು) ಹ. ಷಡಕ್ಷರಿ, ಶ್ರೀ ತಿರುನಾರಾಯಣ ಅಯ್ಯಂಗಾರ್ಯರ ವಿದ್ಯಾರ್ಥಿ.